ಅಪ್ಪಾಜಿಯ ನಿದ್ದೆಯ ಕಾವಲು

ನಮ್ಮ ಮನೆಯಲ್ಲಿ ಮೂರು ಬಗೆಯ ವಾರಗಳಿದ್ದವು. ಬೇರೆಯವರಿಗೆ ವಾರವೆಂದರೆ ಸೋಮವಾರದಿಂದ ಭಾನುವಾರದವರೆಗೆ, ಯಾವ ವಾರವಾದರೂ ಒಂದೇ. ನಮ್ಮದು ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸು. ಅಪ್ಪಾಜಿ ಕುಲುಮೆಯ ಮುಂದೆ ಪಾಳಿಯಲ್ಲಿ ದುಡಿಯುವವರು. ಹಾಗಾಗಿ ಬೆಳಗಿನ ಪಾಳಿಯ ವಾರ, ಮಧ್ಯಾಹ್ನದ ಪಾಳಿಯ ವಾರ, ರಾತ್ರಿ ಪಾಳಿಯ ವಾರ ಎಂದು ನಮ್ಮ ಕಾಲ ಮೂರು ತುಂಡಾಗಿ ತಿರುಗುತ್ತಿತ್ತು. ಹೊಸ ಕ್ಯಾಲೆಂಡರ್ ಬಂದ ದಿನ ಅಮ್ಮ ಅದರಲ್ಲಿ ಹಬ್ಬ ಹುಡುಕುವ ಮೊದಲು ಪಾಳಿಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ಬೆಳಗಿನ ಪಾಳಿಯ ವಾರ ಮನೆ ಮನೆಯ ಹಾಗಿರುತ್ತಿತ್ತು. ಕುಕ್ಕರ್ ಕೂಗುತ್ತಿತ್ತು, ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು, ಅಮ್ಮನೂ ಅಜ್ಜಿಯೂ ಸಾರಿನ ಉಪ್ಪಿನ ವಿಷಯಕ್ಕೆ ಮನಸಾರೆ ಜಗಳವಾಡುತ್ತಿದ್ದರು. ಮಧ್ಯಾಹ್ನದ ಪಾಳಿಯ ವಾರ ಅಪ್ಪಾಜಿಯ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಶಾಲೆಯಿಂದ ಬರುವಾಗ ಅವರು ಕಾರ್ಖಾನೆಯಲ್ಲಿ, ಅವರು ಬರುವಾಗ ನಾನು ನಿದ್ದೆಯಲ್ಲಿ. ರಾತ್ರಿ ಪಾಳಿಯ ವಾರ ಮಾತ್ರ ಇವೆರಡರಂತಲ್ಲ. ಆ ವಾರ ಇಡೀ ಮನೆಗೆ ಬಾಯಿ ಬಿದ್ದುಹೋಗುತ್ತಿತ್ತು.

ಅಪ್ಪಾಜಿ ಬೆಳಿಗ್ಗೆ ಏಳಕ್ಕೆ ಬಂದು, ಸ್ನಾನ ಮಾಡಿ, ವಿಭೂತಿ ಹಚ್ಚಿ, ಎರಡು ರೊಟ್ಟಿ ತಿಂದು ಮಲಗಿದರೆ ಮಧ್ಯಾಹ್ನ ಊಟಕ್ಕೆ ಏಳುತ್ತಿದ್ದರು. ಸಂಜೆ ನಾಲ್ಕಕ್ಕೆ ಇನ್ನೊಂದು ಕಂತು ನಿದ್ದೆ, ಮತ್ತೆ ಏಳುವುದು ಎಂಟಕ್ಕೆ. ಮನೆಗಿದ್ದದ್ದು ಎರಡು ಕೋಣೆ, ಫ್ಯಾನ್ ಇದ್ದದ್ದು ಮುಂದಿನ ಕೋಣೆಯಲ್ಲಿ ಮಾತ್ರ. ಅವರು ಅಲ್ಲಿ ಮಲಗಿದರೆ ನಾವೆಲ್ಲ ಹಿತ್ತಲ ಬಾಗಿಲಿನಿಂದ ಓಡಾಡಬೇಕಿತ್ತು. ಕುಕ್ಕರನ್ನು ಮೇಲಿನ ಹಲಗೆಗೆ ಏರಿಸಿ, ಆ ವಾರ ಅಮ್ಮ ಅನ್ನವನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದಳು. ಒಗ್ಗರಣೆಯ ಸಾಸಿವೆ ಸಿಡಿದರೆ ಕೂಡಲೇ ತಟ್ಟೆ ಮುಚ್ಚುತ್ತಿದ್ದಳು. ಅಜ್ಜಿ, ಎಂದರೆ ಅಪ್ಪಾಜಿಯ ತಾಯಿ, ಲಿಂಗಪೂಜೆಗೆ ಕೂತಾಗ ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಒತ್ತಿ ಹಿಡಿದು ಬರೀ ಗಂಟೆಯನ್ನು ಅಲ್ಲಾಡಿಸುತ್ತಿದ್ದಳು. ಯಾರಾದರೂ ಕೇಳಿದರೆ ಶಿವನಿಗೆ ಪಾಳಿ ಗೊತ್ತಿದೆ ಎನ್ನುತ್ತಿದ್ದಳು. ಜಗಳಗಳು ಪಿಸುಮಾತಿನಲ್ಲಿ ನಡೆಯುತ್ತಿದ್ದವು, ಪಿಸುಮಾತಿನಲ್ಲಿ ಜಗಳವಾಡುವವರ ಮುಖ ನೋಡಿದವರಿಗೆ ಗೊತ್ತು, ಅದು ಕೂಗಾಡುವುದಕ್ಕಿಂತ ಭಯಂಕರ. ಪಿಸುಮಾತಿಗೆ ಬಗ್ಗದ ದೊಡ್ಡ ಜಗಳಗಳನ್ನು ಬೆಳಗಿನ ಪಾಳಿಯ ವಾರಕ್ಕೆ ಎತ್ತಿಡುತ್ತಿದ್ದರು. ಕೆಟ್ಟ ಸುದ್ದಿಗಳಿಗೂ ಅದೇ ನಿಯಮ. ಊರಲ್ಲಿ ಯಾರಿಗೋ ಹುಷಾರಿಲ್ಲ, ನನ್ನ ಲೆಕ್ಕದ ಪರೀಕ್ಷೆ ಹಾಳಾಯಿತು, ಯಾವುದನ್ನೂ ರಾತ್ರಿ ಪಾಳಿಯ ವಾರದಲ್ಲಿ ಅಪ್ಪಾಜಿಯ ಕಿವಿಗೆ ಹಾಕುವಂತಿರಲಿಲ್ಲ. ಕ್ವಾರ್ಟರ್ಸಿನ ಹಿಂದಿನ ಲೈನಿನ ಮನೆಯ ಒಬ್ಬರು ಕೆಲಸದ ಹೊತ್ತಿನಲ್ಲಿ ತೂಕಡಿಸಿ ಕಾಲು ಸುಟ್ಟುಕೊಂಡ ಮೇಲೆ ಅಮ್ಮ ಮಾಡಿದ ಕಾನೂನು ಅದು. ಕಾರ್ಖಾನೆಯ ಸೈರನ್ನಿಗೆ ಮಾತ್ರ ಈ ಯಾವ ಕಾನೂನೂ ಅನ್ವಯಿಸುತ್ತಿರಲಿಲ್ಲ. ಅದು ಊರೇ ನಡುಗುವಂತೆ ಕೂಗಿದರೂ ಅಪ್ಪಾಜಿ ಮಗ್ಗುಲು ಬದಲಿಸುತ್ತಿರಲಿಲ್ಲ. ಸೊಪ್ಪಿನವಳು ಬೀದಿಯ ತುದಿಯಲ್ಲಿ ಒಮ್ಮೆ ದಂಟು ಎಂದರೆ ಎದ್ದು ಕೂರುತ್ತಿದ್ದರು.

ಅಂಥ ಮನೆಗೆ ನಾನು ಬಂದೆ. ನಾನು ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಎಂದು ಮನೆಯವರೆಲ್ಲ ಒಪ್ಪಿದ್ದರು. ಇದನ್ನು ಬರೆಯಲು ಕೂತು ಇಷ್ಟರಲ್ಲೇ ಮೂರು ಸಲ ಎದ್ದಿದ್ದೇನೆ, ಒಮ್ಮೆ ಗ್ಯಾಸ್ ಆರಿಸಿದ್ದೀನೋ ಇಲ್ಲವೋ ನೋಡಲು, ಇನ್ನೆರಡು ಸಲ ಯಾಕೆಂದು ನನಗೇ ಗೊತ್ತಿಲ್ಲ. ಇಂಥ ಹುಡುಗಿಯನ್ನು ಸದ್ದಿಲ್ಲದ ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಎಂದು ಯೋಚಿಸಿ ಅಜ್ಜಿ ಒಂದು ಉಪಾಯ ಹೂಡಿದಳು. ನನಗೆ ಏಳು ವರ್ಷವಾದಾಗ ನನ್ನನ್ನು ಮುಂಬಾಗಿಲ ಮೆಟ್ಟಿಲ ಮೇಲೆ ಕೂರಿಸಿ, ಅಪ್ಪಾಜಿಯ ನಿದ್ದೆಗೆ ನೀನೇ ಕಾವಲು ಎಂದಳು. ಬೆಳಿಗ್ಗೆ ಶಾಲೆಗೆ ಹೊರಡುವವರೆಗೆ, ಸಂಜೆ ಶಾಲೆಯಿಂದ ಬಂದ ಮೇಲೆ ದೀಪ ಹಚ್ಚುವವರೆಗೆ. ನಮ್ಮ ಬೀದಿಗೆ ಬರುವ ಸೊಪ್ಪಿನವಳು, ಚಾಕು ಸಾಣೆ ಹಿಡಿಯುವವನು, ಗಂಟೆ ಬಾರಿಸುವ ಐಸ್‌ಕ್ಯಾಂಡಿಯವನು, ಹಳೇ ಪೇಪರ್ ಕೊಳ್ಳುವ ಸಾಬರು, ಇವರೆಲ್ಲ ಬಾಯಿ ತೆರೆಯುವ ಮೊದಲೇ ನಾನು ತಡೆಯಬೇಕು. ಅದಕ್ಕೊಂದು ಸನ್ನೆ ಮಾಡಿಕೊಂಡಿದ್ದೆ. ಮೊದಲು ಅಂಗೈ ಎತ್ತಿ ತೋರಿಸುವುದು, ಆಮೇಲೆ ಎರಡೂ ಕೈ ಜೋಡಿಸಿ ಕೆನ್ನೆಯ ಕೆಳಗಿಟ್ಟು ತಲೆ ವಾಲಿಸುವುದು. ತಿಂಗಳೊಪ್ಪತ್ತಿನಲ್ಲಿ ಎಲ್ಲರಿಗೂ ಅದು ಅಭ್ಯಾಸವಾಯಿತು. ಪೇಪರ್ ಸಾಬರಂತೂ ತಿರುವಿನಲ್ಲೇ ನನ್ನತ್ತ ನೋಡಿ, ನನ್ನ ಕೈ ಎದ್ದರೆ ತಕ್ಕಡಿಯ ಸರಪಳಿಯನ್ನೂ ಮುಷ್ಟಿಯಲ್ಲಿ ಹಿಡಿದುಕೊಂಡು ದಾಟುತ್ತಿದ್ದರು. ನನ್ನ ಕಿವಿ ಎಷ್ಟು ಚುರುಕಾಯಿತೆಂದರೆ ಸೈಕಲ್ ಚೈನಿನ ಸದ್ದಿನ ಮೇಲೆ ಬರುವವರು ಯಾರೆಂದು ಹೇಳುತ್ತಿದ್ದೆ. ಆ ಕೆಲಸದ ಮೇಲೆ ನನಗೆ ಎಷ್ಟು ಹೆಮ್ಮೆಯಿತ್ತೆಂದು ಈಗ ಹೇಳಿದರೆ ನಗು ಬರಬಹುದು. ಕುಲುಮೆಯನ್ನು ಅಪ್ಪಾಜಿ ನೋಡಿಕೊಳ್ಳುತ್ತಾರೆ, ಅಪ್ಪಾಜಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದು ನಂಬಿದ್ದೆ.

ಶಾಲೆ ಕ್ವಾರ್ಟರ್ಸಿನ ಹಿಂದೆಯೇ ಇತ್ತು. ನಾಲ್ಕನೇ ತರಗತಿಗೆ ಹೊಸದಾಗಿ ಬಂದ ವನಜಾ ಮಿಸ್ ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಒಳ್ಳೆಯವರು, ಸಣ್ಣ ವಯಸ್ಸು, ಮಕ್ಕಳಿಗೆ ಹೊಡೆಯುತ್ತಿರಲಿಲ್ಲ, ಎಲ್ಲವನ್ನೂ ಪುಸ್ತಕದಲ್ಲಿದ್ದಂತೆ ಮಾಡಬೇಕೆಂಬ ಆಸೆಯವರು. ಅವರನ್ನು ಮಕ್ಕಳ ವರ್ತನೆಯ ತೊಂದರೆಗಳ ಬಗ್ಗೆ ಎರಡು ದಿನದ ತರಬೇತಿಗೆ ಕಳಿಸಿದರು. ಹೋಗುವಾಗ ಅವರ ತರಗತಿಯಲ್ಲಿ ಇದ್ದದ್ದು ತುಂಟರು, ಮೊದ್ದುಗಳು, ಬಾಯಿಬಡುಕರು, ಅಳುಮುಂಜಿಗಳು. ಬರುವಾಗ ಅವರ ಕೈಯಲ್ಲಿ ಒಂದು ಅಚ್ಚಾದ ಪ್ರಶ್ನೆಯ ಹಾಳೆ ಇತ್ತು, ನಾವೆಲ್ಲ ರೋಗಿಗಳಾಗಿದ್ದೆವು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಮಾತಾಡದವನಿಗೆ ಒಂದು ಹೆಸರು, ಮಾತು ನಿಲ್ಲಿಸದವಳಿಗೆ ಒಂದು ಹೆಸರು, ಬಳಪ ತಿನ್ನುವವನಿಗೆ ಇನ್ನೊಂದು. ಪೆನ್ಸಿಲ್ ಕೊಡು ಎಂದರೆ ಕೊಡದ ಹುಡುಗನಿಗೂ ಏನೋ ಇದೆ ಎಂದಾಯಿತು. ಅವನಿಗೆ ಇದ್ದದ್ದು ಒಂದೇ ಪೆನ್ಸಿಲ್. ಆದರೆ ಸುಳ್ಳು ಹೇಳಬಾರದು, ಅದೇ ಹಾಳೆಯಿಂದಾಗಿ ನನ್ನ ಪಕ್ಕ ಕೂರುತ್ತಿದ್ದ ಗೀತಾಳಿಗೆ ಒಂದು ಕಿವಿ ಕೇಳಿಸುವುದಿಲ್ಲವೆಂದು ಗೊತ್ತಾಯಿತು. ಅದುವರೆಗೆ ಅವಳನ್ನು ಎಲ್ಲರೂ ಸೊಕ್ಕಿನವಳೆಂದು ಬೈಯುತ್ತಿದ್ದೆವು. ಆದ್ದರಿಂದ ಹಾಳೆಯನ್ನೇ ಹರಿದು ಒಲೆಗೆ ಹಾಕಿ ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ.

ನನ್ನ ಹೆಸರಿನ ಮುಂದೆ ಬಿದ್ದಷ್ಟು ಗುರುತುಗಳು ಯಾರ ಮುಂದೆಯೂ ಬೀಳಲಿಲ್ಲ. ಅದಕ್ಕೆ ಕಾರಣ ಐಸ್‌ಕ್ಯಾಂಡಿಯವನು. ಅವನು, ಪೇಪರ್ ಸಾಬರು, ಸೊಪ್ಪಿನವಳು, ಎಲ್ಲರೂ ಮೊದಲು ಶಾಲೆಯ ಗೇಟನ್ನು ದಾಟಿ ಆಮೇಲೆ ನಮ್ಮ ಬೀದಿಗೆ ತಿರುಗುತ್ತಿದ್ದರು. ರಾತ್ರಿ ಪಾಳಿಯ ವಾರ ಹಗಲು ಹನ್ನೊಂದಕ್ಕೆ ಆ ಗಂಟೆ ಕೇಳಿದರೆ ನನಗೆ ಕಪ್ಪು ಹಲಗೆ ಕಾಣುತ್ತಿರಲಿಲ್ಲ, ಮುಂದಿನ ಕೋಣೆಯ ಮಂಚ ಕಾಣುತ್ತಿತ್ತು. ಎದ್ದು ಕಿಟಕಿಗೆ ಓಡಿ ಅಂಗೈ ತೋರಿಸುತ್ತಿದ್ದೆ. ಅವನು ನೋಡದಿದ್ದರೆ ಗೇಟಿನವರೆಗೆ ಓಡುತ್ತಿದ್ದೆ. ಮಿಸ್ ಹಿಂದೆಯೇ ಓಡಿ ಬಂದು ಕೇಳುತ್ತಿದ್ದರು.

"ಯಾಕೆ ಓಡಿದೆ ಉಮಾ?"

"ಸುಮ್ನೆ ಮಿಸ್."

ಹೇಳಬಹುದಿತ್ತಲ್ಲ ಎಂದರೆ, ಹೇಳಬೇಕಾದ ವಿಷಯವೆಂದೇ ನನಗೆ ಹೊಳೆಯಲಿಲ್ಲ. ಕ್ವಾರ್ಟರ್ಸಿನ ಮಕ್ಕಳಿಗೆಲ್ಲ ಆ ಸನ್ನೆ ಗೊತ್ತಿತ್ತು. ಗೊತ್ತಿಲ್ಲದವರು ಮಿಸ್ ಒಬ್ಬರೇ, ಅವರನ್ನು ಬಿಟ್ಟು ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಅವರಿಗೆ ಹೇಳಲಿಲ್ಲ. ನನ್ನ ಶಾಲೆಯ ಡೈರಿಯಲ್ಲಿ ಅವರು ದುಂಡಗಿನ ಅಕ್ಷರದಲ್ಲಿ ಬರೆಯುತ್ತಾ ಹೋದರು. ಉಮಾ ಕಾರಣವಿಲ್ಲದೆ ಓಡುತ್ತಾಳೆ. ಉಮಾ ಕಿಟಕಿಯ ಬಳಿ ವಿಚಿತ್ರವಾಗಿ ಕೈ ಆಡಿಸುತ್ತಾಳೆ. ಕೊನೆಗೆ ಒಂದು ಸೋಮವಾರ ಆ ಹಾಳೆಯನ್ನೇ ಮನೆಗೆ ಕಳಿಸಿದರು. ಮನೆಯವರು ತುಂಬಿ, ಡಾಕ್ಟರಿಗೆ ತೋರಿಸಿ, ಚೀಟಿ ತರಬೇಕು. ಇಲ್ಲವಾದರೆ ಮುಂದಿನ ವರ್ಷ ಈ ಶಾಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ ಎಂದು ಶಾಲೆಯ ಮುಖ್ಯಸ್ಥೆ ದೊಡ್ಡ ಮಿಸ್ಸಿನ ಸಹಿಯಿತ್ತು.

ಅದು ರಾತ್ರಿ ಪಾಳಿಯ ವಾರ. ಅಪ್ಪಾಜಿ ಮುಂದಿನ ಕೋಣೆಯಲ್ಲಿ ಎರಡನೇ ಕಂತಿನ ನಿದ್ದೆಯಲ್ಲಿದ್ದರು. ಅಮ್ಮ, ಅಜ್ಜಿ ಅಡುಗೆಮನೆಯಲ್ಲಿ ಮೊರದ ಸುತ್ತ ಕೂತು, ಅವರೆಕಾಯಿ ಬಿಡಿಸುತ್ತಾ, ಪಿಸುಮಾತಿನಲ್ಲಿ ಹಾಳೆ ಓದಿದರು. ಮೆಟ್ಟಿಲ ಮೇಲೆ ಇರಬೇಕಾಗಿದ್ದ ನಾನು ಬಾಗಿಲ ಮರೆಯಲ್ಲಿದ್ದೆ.

"ಕೂತಲ್ಲಿ ಕೂರುವುದಿಲ್ಲ, ಕೈಕಾಲು ಆಡಿಸುತ್ತಿರುತ್ತದೆ, ಅಂತಿದೆ," ಅಮ್ಮ ಓದಿದಳು.

"ಅದು ನಿನ್ನ ಗಂಡ. ಚಿಕ್ಕೋನಿದ್ದಾಗ ಅಂಡು ಸುಟ್ಟ ಬೆಕ್ಕಿನ ಥರ ಓಡಾಡ್ತಿದ್ದ. ಹಾಕು ಗುರುತು."

"ಅತ್ತೆ, ಇದು ಉಮಾಂದು. ಬೇರೆಯವರು ಮಾತು ಮುಗಿಸುವ ಮೊದಲೇ..."

"ಹಾಕು ಹಾಕು," ಎಂದಳು ಅಜ್ಜಿ, ಅಮ್ಮ ಮುಗಿಸುವ ಮೊದಲೇ.

"ಶುರು ಮಾಡಿದ ಕೆಲಸವನ್ನು ಅರ್ಧಕ್ಕೆ ಬಿಡುತ್ತದೆ."

ಈ ಸಲ ಅಜ್ಜಿ ಗೋಡೆಯ ಮೊಳೆಗೆ ನೇತುಹಾಕಿದ್ದ ಸ್ವೆಟರಿನತ್ತ ನೋಡಿದಳು ಅಷ್ಟೆ. ನನಗೆಂದು ನಾನು ತೊಟ್ಟಿಲಲ್ಲಿದ್ದಾಗ ಅಮ್ಮ ಹೆಣೆಯಲು ತೊಡಗಿದ್ದು, ಒಂದು ತೋಳಿಗೆ ನಿಂತುಹೋಗಿತ್ತು. ಅಮ್ಮ ಬೇಗ ಮುಂದಿನ ಪ್ರಶ್ನೆಗೆ ಹೋದಳು.

"ಸಣ್ಣ ಸದ್ದಿಗೂ ಗಮನ ಆ ಕಡೆ ಹೋಗುತ್ತದೆ."

ಅಷ್ಟರಲ್ಲಿ ಮುಂದಿನ ಕೋಣೆಯ ಮಂಚ ಕಿರ್ ಎಂದಿತು. ಅಮ್ಮನ ಕೈಯ ಅವರೆಕಾಯಿ ಹಾಗೇ ನಿಂತಿತು, ಅಜ್ಜಿ ಉಸಿರು ಬಿಗಿಹಿಡಿದಳು, ನಾನು ಬಾಗಿಲ ಮರೆಯಲ್ಲಿ ತುದಿಗಾಲಲ್ಲಿ ನಿಂತೆ. ಅಪ್ಪಾಜಿ ಮಗ್ಗುಲು ಬದಲಿಸಿದರು, ಮತ್ತೆ ಗೊರಕೆ ಕೇಳಿತು, ಮೂವರೂ ಉಸಿರು ಬಿಟ್ಟೆವು. ಆ ಗಳಿಗೆಯಲ್ಲಿ ವನಜಾ ಮಿಸ್ ನಮ್ಮ ಅಡುಗೆಮನೆಯಲ್ಲಿದ್ದಿದ್ದರೆ ನಮಗೆ ಇನ್ನೆರಡು ಹಾಳೆ ಬೇಕಾಗುತ್ತಿತ್ತು. ಅಜ್ಜಿಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಮ್ಮ ನಗಲಿಲ್ಲ. ಅವಳ ಕಣ್ಣು ದೊಡ್ಡ ಮಿಸ್ಸಿನ ಸಹಿಯ ಮೇಲೆಯೇ ಇತ್ತು. ತಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು; ನನ್ನನ್ನು ಬಿಡಿಸಿಬಿಟ್ಟರೆ ಎಂಬ ಭಯ ಅವಳನ್ನು ಹಿಡಿದಿತ್ತು.

ಮರುದಿನ ನನ್ನ ಸೋದರಮಾವ ಸುರೇಶ ಬಂದ. ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆ, ಔಷಧಿ ಕಂಪನಿಯೊಂದರಲ್ಲಿ ರೆಪ್ ಕೆಲಸ, ಮಂಗಳವಾರ ಮಂಗಳವಾರ ಭದ್ರಾವತಿಯ ಡಾಕ್ಟರುಗಳನ್ನು ನೋಡಲು ಬರುತ್ತಿದ್ದ. ನನ್ನ ಅಂಗೈ ಕಂಡು ತಿರುವಿನಲ್ಲೇ ಬೈಕ್ ಆಫ್ ಮಾಡಿ, ಟೈ ಕಟ್ಟಿಕೊಂಡೇ ಅದನ್ನು ತಳ್ಳಿಕೊಂಡು ಬಂದ. ಮಾವನಿಗೆ ಎಲ್ಲರ ಮೇಲೂ ಪ್ರೀತಿ, ಪ್ರೀತಿ ಹೆಚ್ಚಾದಷ್ಟೂ ಅವರಲ್ಲಿ ಕಾಯಿಲೆ ಕಾಣುತ್ತಿತ್ತು. ಅಜ್ಜಿಯ ಬಿಕ್ಕಳಿಕೆಗೂ ಅವನ ಚೀಲದಲ್ಲಿ ಒಂದು ಇಂಗ್ಲಿಷ್ ಹೆಸರಿತ್ತು. ಹಾಳೆ ನೋಡಿ ಅವನ ಮುಖ ಅರಳಿತು.

"ಅಕ್ಕ, ಇದು ಈಗ ಎಲ್ಲಾ ಕಡೆ ಇದೆ. ಹೋದ ತಿಂಗಳು ನಮ್ಮ ಕಂಪನೀಲೇ ಇದರ ಬಗ್ಗೆ ಹೇಳ್ಕೊಟ್ರು."

"ಹೋದ ವರ್ಷ ಇರ್ಲಿಲ್ವೇನಪ್ಪ?" ಅಜ್ಜಿ ಕೇಳಿದಳು.

"ಇತ್ತು ಅತ್ತೆ. ಗೊತ್ತಾಗ್ತಿರ್ಲಿಲ್ಲ ಅಷ್ಟೆ."

"ಮಾತ್ರೆ ಬಂದ್ಮೇಲೆ ಗೊತ್ತಾಯ್ತಾ?"

"ತಮಾಷೆ ಮಾಡ್ಬೇಡಿ. ಒಂದೇ ವಾರದಲ್ಲಿ ಹುಡುಗಿ ಗೊಂಬೆ ಥರ ಕೂತ್ಕೊಳ್ತಾಳೆ ನೋಡಿ."

"ಗೊಂಬೆ ಬೇಕಾಗಿದ್ರೆ ಗಾಂಧಿ ಬಜಾರಲ್ಲಿ ತರ್ತಿದ್ವಿ ಮಾರಾಯ. ಓಣಿ ಕೂಸು ಬೆಳೀತು, ಕೋಣೆ ಕೂಸು ಕೊಳೀತು ಅಂತಾರೆ. ಮೊದ್ಲು ಅದನ್ನ ಆಡಕ್ಕೆ ಬಿಡಿ."

ಆದರೆ ಆಡಲು ಬಿಡದವಳು ಅಜ್ಜಿಯೇ ಆಗಿದ್ದಳು, ಅದು ಅವಳಿಗೂ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಸಂಜೆ ಅಜ್ಜಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಅಪ್ಪಾಜಿ ಎದ್ದು ಕೇಳಿದರೆ ತವರಿಗೆ ಹೋಗಿದ್ದಾರೆ ಎಂದು ಹೇಳಲು ಒಪ್ಪಿಸಿ, ಅಮ್ಮ ನನ್ನನ್ನು ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದಳು. ಮಾವ ಬೈಕಿನಲ್ಲಿ ಮುಂದೆ ಹೋಗಿ ಡಾಕ್ಟರ ಬಳಿ ಹೆಸರು ಬರೆಸಿದ್ದ. ದಾರಿಯುದ್ದಕ್ಕೂ ನನ್ನೊಳಗೆ ಏನು ಕೆಟ್ಟಿದೆ ಎಂದು ಹುಡುಕುತ್ತಿದ್ದೆ. ಕೈ ನೋಡಿಕೊಂಡೆ, ಬಸ್ಸಿನ ಗಾಜಿನಲ್ಲಿ ನಾಲಿಗೆ ನೋಡಿಕೊಂಡೆ. ಜ್ವರವಾದರೆ ಸುಡುತ್ತದೆ, ಗಾಯವಾದರೆ ಕಾಣುತ್ತದೆ, ಇದು ಎಲ್ಲಿದೆಯೋ ಗೊತ್ತಾಗದೆ ಭಯವಾಯಿತು. ಡಾಕ್ಟರ ಮುಂದೆ ಅಲ್ಲಾಡದೆ ಕೂರುತ್ತೇನೆ, ಆಗ ನನ್ನನ್ನು ಬಿಟ್ಟುಬಿಡುತ್ತಾರೆ ಎಂದು ನಿರ್ಧರಿಸಿದೆ. ಕೂತೆ ಕೂಡ. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಡಾಕ್ಟರು ಅಮ್ಮನನ್ನು ಕೇಳಿದ ಐದಾರು ಪ್ರಶ್ನೆ ಮುಗಿಯುವವರೆಗೂ ಕಲ್ಲಿನಂತೆ ಕೂತಿದ್ದೆ. ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ಇನ್ನೇನು ಗೆದ್ದೆ ಎನ್ನುವಾಗ ಅವರ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ನನಗೆ ಗೊತ್ತಾಗುವ ಮೊದಲೇ ನಾನು ಎದ್ದು, ಮೇಜಿನ ಮೇಲೆ ಬಗ್ಗಿ, ರಿಸೀವರ್ ಎತ್ತಿ ಹಾಗೇ ಕೆಳಗಿಟ್ಟಿದ್ದೆ. ಸದ್ದು ನಿಂತಿತು. ಡಾಕ್ಟರು ಪೆನ್ ತೆಗೆದರು.

ಆಮೇಲೆ ಮಾವ ನಮ್ಮನ್ನು ಸಮಾಧಾನ ಮಾಡಲು ಕೋಟೆಯ ಕಡೆಯ ಹೋಟೆಲಿಗೆ ಕರೆದುಕೊಂಡು ಹೋದ. ಅಲ್ಲಿ ನಾನು ಮಸಾಲೆ ದೋಸೆಯ ಮುಂದೆ ಅರ್ಧ ಗಂಟೆ ಕೂತಲ್ಲಿಂದ ಏಳಲಿಲ್ಲ, ಅದನ್ನು ಯಾರೂ ಗಮನಿಸಲಿಲ್ಲ.

ಬುಧವಾರ, ಗುರುವಾರ ಬೆಳಿಗ್ಗೆ ಮಾತ್ರೆ ನುಂಗಿ ಶಾಲೆಗೆ ಹೋದೆ. ಆ ಎರಡು ದಿನ ನನಗೆ ನೆನಪಿರುವುದು ಕಡಿಮೆ. ಮಿಸ್ಸಿನ ಮಾತು ಪಕ್ಕದ ಮನೆಯ ರೇಡಿಯೋದಂತೆ ಕೇಳುತ್ತಿತ್ತು. ಐಸ್‌ಕ್ಯಾಂಡಿಯವನ ಗಂಟೆಯೂ ಕೇಳಿತು, ಅಪ್ಪಾಜಿ ಎಂದು ಅನ್ನಿಸಿತು, ಆದರೆ ಏಳುವಷ್ಟು ಮನಸ್ಸು ಬರಲಿಲ್ಲ. ಡೈರಿಯಲ್ಲಿ ಮೊದಲ ಬಾರಿಗೆ ಕೆಂಪು ನಕ್ಷತ್ರ ಬಿತ್ತು. ಉಮಾ ತುಂಬಾ ಸುಧಾರಿಸಿದ್ದಾಳೆ. ಅಮ್ಮ ನಕ್ಷತ್ರವನ್ನು ನೋಡಿದಳು, ತಟ್ಟೆಯಲ್ಲಿ ಹಾಗೇ ಉಳಿದಿದ್ದ ಅನ್ನವನ್ನು ನೋಡಿದಳು. ಅಜ್ಜಿ ಹೇಳಿದಳು.

"ಕೂಸಿನ ಮುಖದಲ್ಲಿ ಕಳೆ ಇಲ್ಲ ಕಣೇ. ಅವನಿಗೆ ಹೇಳು."

"ಬೆಳಗಿನ ಶಿಫ್ಟ್ ಬರ್ಲಿ ಅತ್ತೆ. ಹೇಳ್ತೀನಿ," ಎಂದು ಅಮ್ಮ ಪಿಸುಗುಟ್ಟಿದಳು.

ಗುರುವಾರ ಸಂಜೆ ಎಂದಿನಂತೆ ಮೆಟ್ಟಿಲ ಮೇಲೆ ಕೂತೆ. ಆಮೇಲಿನದು ಬೇರೆಯವರು ಹೇಳಿದ್ದು. ಪೇಪರ್ ಸಾಬರು ತಿರುವಿಗೆ ಬಂದು ಎಂದಿನಂತೆ ನನ್ನ ಕೈಗಾಗಿ ನೋಡಿದರಂತೆ. ಕೈ ಎದ್ದಿಲ್ಲ. ಹತ್ತಿರ ಬಂದರೆ ನಾನು ಕಂಬಕ್ಕೆ ಒರಗಿ ಬಾಯಿ ತೆರೆದುಕೊಂಡು ವಾಲಿದ್ದೇನೆ. ಮಗುವಿಗೆ ಏನೋ ಆಗಿಹೋಗಿದೆ ಎಂದು ಹೆದರಿ, ಎರಡು ವರ್ಷದಿಂದ ನಮ್ಮ ಬೀದಿಯಲ್ಲಿ ದನಿ ಎತ್ತದ ಆ ಮನುಷ್ಯ ಇಡೀ ಲೈನು ಏಳುವಂತೆ ಕೂಗಿದರು.

"ಅಮ್ಮಾ, ಬೇಗ ಬನ್ನಿ. ಬೇಟಿ ಬಿದ್ದೋಗಿದಾಳೆ."

ನನಗೆ ಎಚ್ಚರವಾದಾಗ ಅಪ್ಪಾಜಿಯ ತೊಡೆಯ ಮೇಲಿದ್ದೆ. ಬನಿಯನ್, ಲುಂಗಿ, ಕೆದರಿದ ತಲೆ, ನಿದ್ದೆಗೆಟ್ಟ ಕಣ್ಣು. ನನಗೆ ತಿಳಿದದ್ದು ಒಂದೇ, ನನ್ನ ಕಾವಲಿನಲ್ಲಿ ಅಪ್ಪಾಜಿಗೆ ಎಚ್ಚರವಾಗಿದೆ. ಜೋರಾಗಿ ಅತ್ತೆ. ಅಮ್ಮನೂ ಅತ್ತಳು, ಅಳುತ್ತಾ ಹಾಳೆ, ಸಹಿ, ಡಾಕ್ಟರು, ಮಾತ್ರೆ ಎಲ್ಲವನ್ನೂ ಹೇಳಿದಳು. ರಾತ್ರಿ ಪಾಳಿಯ ವಾರದಲ್ಲಿ ನಮ್ಮ ಮನೆಯೊಳಗೆ ಪೂರ್ತಿ ದನಿಯಲ್ಲಿ ಮಾತು ಕೇಳಿದ್ದು ಅದೇ ಮೊದಲು. ಅಪ್ಪಾಜಿ ಬೈಯಲಿಲ್ಲ. ಡೈರಿ ತರಲು ಹೇಳಿದರು. ಒಂದೊಂದೇ ಪುಟ ತಿರುವಿ, ಮಿಸ್ ಬರೆದ ಪ್ರತಿ ದೂರಿನ ತಾರೀಖಿನ ಮೇಲೆ ಬೆರಳಿಟ್ಟರು. ಪಾಳಿಯ ಕೆಲಸಗಾರರಿಗೆ ಕ್ಯಾಲೆಂಡರ್ ಬೇಕಿಲ್ಲ.

"ಇದು ನೈಟು. ಇದೂ ನೈಟು. ಇದು... ದಸರಾ ಆದ್ಮೇಲಿನ ವಾರ, ನೈಟು." ಕೊನೆಯ ಪುಟಕ್ಕೆ ಬಂದು ಡೈರಿ ಮುಚ್ಚಿದರು. "ಇದೇನು ಮಾರಾಯ್ತಿ, ಮೂರು ವಾರಕ್ಕೊಂದ್ಸಲ ಬಂದು ಹೋಗೋ ಕಾಯಿಲೆ?"

ಮಾತ್ರೆಯ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ಡಾಕ್ಟರ ಹತ್ತಿರ ನಾನು ಮಾತಾಡುವವರೆಗೆ ಬೇಡ ಎಂದರು. ಆ ದಿನ ಅವರು ಮತ್ತೆ ಮಲಗಲಿಲ್ಲ, ಹಾಗೇ ಕೆಲಸಕ್ಕೆ ಹೋದರು. ಅವರು ಮರಳುವವರೆಗೆ ಅಮ್ಮ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಲೇ ಇದ್ದಳು.

ಶುಕ್ರವಾರ ಬೆಳಿಗ್ಗೆ ಬಂದವರು ಸ್ನಾನ ಮುಗಿಸಿ, ಮಲಗದೆ, ಸೈಕಲ್ಲಿನ ಹಿಂದೆ ನ‌ನ್ನನ್ನು ಕೂರಿಸಿಕೊಂಡು ಶಾಲೆಗೆ ಬಂದರು. ನನ್ನನ್ನು ತರಗತಿಗೆ ಕಳಿಸಿ, ಬಾಗಿಲ ಹೊರಗೆ ವನಜಾ ಮಿಸ್ ಜೊತೆ ಮಾತಾಡುತ್ತಾ ನಿಂತರು. ಅವರ ಕಣ್ಣು ಕೆಂಡದಂತಿತ್ತು, ಮಿಸ್ ಎರಡು ಹೆಜ್ಜೆ ದೂರವೇ ನಿಂತಿದ್ದರು. ಅಷ್ಟು ಹೊತ್ತಿಗೆ ಗೇಟಿನ ಕಡೆ ಐಸ್‌ಕ್ಯಾಂಡಿಯವನ ಗಂಟೆ ಕೇಳಿತು. ಮಾತ್ರೆಯಿಲ್ಲದ ದಿನ, ನನ್ನ ಕಾಲು ನನಗೆ ಮರಳಿ ಬಂದಿತ್ತು. ಅಪ್ಪಾಜಿ ಬಾಗಿಲಲ್ಲೇ ನಿಂತಿದ್ದಾರೆ, ಮನೆಯಲ್ಲಿ ಯಾರೂ ಮಲಗಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಎದ್ದು ಕಿಟಕಿಗೆ ಓಡಿದೆ. ಅಂಗೈ ಎತ್ತಿದೆ. ಎರಡೂ ಕೈ ಜೋಡಿಸಿ ಕೆನ್ನೆಗಿಟ್ಟು ತಲೆ ವಾಲಿಸಿದೆ. ಗೇಟಿನಾಚೆ ಐಸ್‌ಕ್ಯಾಂಡಿಯವನು ಗಂಟೆಯ ಮೇಲಿನ ಕೈ ತೆಗೆದು, ಗಾಡಿಯನ್ನು ಮೆಲ್ಲಗೆ ತಳ್ಳಿಕೊಂಡು ಹೋದ.

"ನೋಡಿದ್ರಲ್ಲ ಸರ್, ಇದನ್ನೇ ನಾನು ಹೇಳಿದ್ದು. ಕಾರಣಾನೇ ಇರಲ್ಲ," ಎಂದರು ಮಿಸ್.

ಅಪ್ಪಾಜಿ ನನ್ನನ್ನೇ ನೋಡಿದರು. ಆ ಸನ್ನೆಯನ್ನು ಅವರು ಅದುವರೆಗೆ ನೋಡಿಯೇ ಇರಲಿಲ್ಲ. ನಾನು ಅದನ್ನು ಮಾಡುವಾಗಲೆಲ್ಲ ಅವರು ನಿದ್ದೆಯಲ್ಲಿರುತ್ತಿದ್ದರು. ಆದರೂ ಅದರ ಅರ್ಥ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಕಾಯಿಲೆ ಅಲ್ಲ ಮೇಡಂ," ಎಂದರು. "ಅದು ನನ್ನ ನಿದ್ದೆ."

ಆಮೇಲೆ ನಿಧಾನವಾಗಿ, ಪಾಳಿ, ಮೆಟ್ಟಿಲು, ಕಾವಲು ಎಲ್ಲವನ್ನೂ ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ದನಿ ಒಡೆಯಿತು. ಕಾರ್ಖಾನೆಯಲ್ಲಿ ಹತ್ತು ಜನರ ಮೇಲೆ ದನಿ ಎತ್ತುವ ಅಪ್ಪಾಜಿ ತರಗತಿಯ ಬಾಗಿಲಲ್ಲಿ ಹಾಗೆ ನಿಂತದ್ದನ್ನು ನಾನು ಅದೇ ಮೊದಲು ಕಂಡೆ. ಮಿಸ್ ತಮ್ಮ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದರು, ಎಲ್ಲಾದರೂ ತಪ್ಪಿಹೋಗಿದೆಯೇ ಎಂದು ನೋಡುವವರಂತೆ.

"ಅಪ್ಪ ಯಾವಾಗ ಮಲಗ್ತಾರೆ ಅಂತ ಇದರಲ್ಲಿ ಕೇಳಿಲ್ಲ ಸರ್," ಎಂದರು. "ನಾನೂ ಕೇಳ್ಲಿಲ್ಲ."

ದೊಡ್ಡ ಮಿಸ್ಸಿನ ಹತ್ತಿರ ತಾವೇ ಹೋಗಿ ಮಾತಾಡಿದರು, ಚೀಟಿಯ ಮಾತು ಮತ್ತೆ ಬರಲಿಲ್ಲ. ಮುಂದಿನ ವಾರದಿಂದ ವನಜಾ ಮಿಸ್ ಹಾಜರಿ ಕರೆಯುವಾಗ ಪ್ರತಿ ಮಗುವಿಗೂ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು, ಈ ವಾರ ನಿಮ್ಮಪ್ಪಂದು ಯಾವ ಶಿಫ್ಟು ಎಂದು. ಅವರು ಆ ಒಂದು ವರ್ಷದಲ್ಲಿ ನಮ್ಮ ಬಗ್ಗೆ ತಿಳಿದುಕೊಂಡದ್ದೆಲ್ಲ ಆ ಪ್ರಶ್ನೆಯಿಂದಲೇ ಎಂದು ನನ್ನ ಅನಿಸಿಕೆ. ಅಪ್ಪಾಜಿ ರಜೆಯ ದಿನ ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೂ ಇದನ್ನೇ ಹೇಳಿದರಂತೆ. ಡಾಕ್ಟರು ಮಾತ್ರೆ ನಿಲ್ಲಿಸಿ ಎಂದರು, ಫೋನಿನ ವಿಷಯಕ್ಕೆ ನಕ್ಕರಂತೆ. ಉಳಿದ ಮಾತ್ರೆಗಳನ್ನು ಅಜ್ಜಿ ಮಾವನ ಟಿಫಿನ್ ಡಬ್ಬಿಯ ಜೊತೆ ಕಟ್ಟಿ, ಊರಿಂದ ಊರಿಗೆ ಅಲೆಯುವವನು, ಕೂತಲ್ಲಿ ಕೂರದವನು ನೀನೇ, ಇದು ನಿನಗೇ ಸರಿ ಎಂದು ಕಳಿಸಿದಳು.

ಆದರೆ ನಾನು ಹೇಳಬೇಕಾದ್ದು ಆ ಶುಕ್ರವಾರದ್ದು. ಸಂಜೆ ಶಾಲೆ ಬಿಟ್ಟಾಗ ಅಪ್ಪಾಜಿ ಗೇಟಿನಲ್ಲಿ ಸೈಕಲ್ ಹಿಡಿದು ನಿಂತಿದ್ದರು. ಮನೆಯ ಕಡೆ ತುಳಿಯುತ್ತಾ, ಹಿಂದೆ ತಿರುಗದೆ ಹೇಳಿದರು.

"ಶಾಲೇಲಿ ನಾನು ಮಲಗಿರಲ್ಲ ಮಗಳೇ. ಅಲ್ಲಿ ಯಾರು ಬೇಕಾದ್ರೂ ಕೂಗ್ಕೊಳ್ಳಿ."

"ಹ್ಞೂಂ ಅಪ್ಪಾಜಿ."

"ಮನೇಲೂ ಇನ್ಮೇಲೆ ಕಾವಲು ಬೇಡ. ಹೋಗಿ ಆಡ್ಕೋ. ನನಗೆ ಎಲ್ಲಿ ಬಿದ್ರೂ ನಿದ್ದೆ ಬರುತ್ತೆ."

ಹಿಂದಿನ ಲೈನಿನಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ಆಡಿದೆ, ಕೂಗಿದೆ, ಬಿದ್ದು ಮೊಣಕಾಲು ತರಚಿಕೊಂಡೆ. ಎರಡು ವರ್ಷದ ಬಾಕಿಯನ್ನೆಲ್ಲ ಒಂದೇ ಸಂಜೆ ತೀರಿಸುವವಳಂತೆ ಓಡಿದೆ. ನೀರು ಕುಡಿಯಲು ಮನೆಗೆ ಬಂದಾಗ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ, ಮುಂದಿನ ಕೋಣೆಯತ್ತ ಇಣುಕಿದೆ. ಅಪ್ಪಾಜಿ ಮಂಚದ ಮೇಲೆ ತೋಳನ್ನು ಕಣ್ಣಿನ ಮೇಲೆ ಅಡ್ಡ ಇಟ್ಟುಕೊಂಡು ಮಲಗಿದ್ದರು. ಗೊರಕೆ ಇರಲಿಲ್ಲ. ಬೀದಿಯ ತುದಿಯಲ್ಲಿ ಸೊಪ್ಪಿನವಳು ದಂಟು, ಮೆಂತ್ಯ ಎಂದು ಕೂಗಿದಳು. ಅವರ ಕಾಲಿನ ಹೆಬ್ಬೆರಳು ಬೆಚ್ಚಿತು. ಹಿಂದಿನ ಸಂಜೆಯಿಂದ ನಿದ್ದೆಯಿಲ್ಲದ ಮನುಷ್ಯ, ಇನ್ನು ನಾಲ್ಕು ಗಂಟೆಯಲ್ಲಿ ಕುಲುಮೆಯ ಮುಂದೆ ನಿಲ್ಲಬೇಕಾದವರು, ನನ್ನನ್ನು ಆಡಲು ಬಿಡಲೆಂದು ಅಲ್ಲಿ ನಿದ್ದೆಯ ನಾಟಕ ಮಾಡುತ್ತಿದ್ದರು. ನಾನು ನೀರು ಕುಡಿಯದೆ ಸುತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತೆ.

"ಉಮಾ, ಆಡಕ್ಕೆ ಹೋಗು ಅಂದೆ," ಒಳಗಿನಿಂದ ದನಿ ಬಂತು.

"ಹೋಗ್ತೀನಿ ಅಪ್ಪಾಜಿ."

ಹೋಗಲಿಲ್ಲ. ಸೊಪ್ಪಿನವಳಿಗೆ ಅಂಗೈ ತೋರಿಸಿದೆ. ಪೇಪರ್ ಸಾಬರು ತಿರುವಿಗೆ ಬಂದು, ನನ್ನನ್ನು ಕಂಡು, ನಾನು ಕೈ ಎತ್ತುವ ಮೊದಲೇ ತಮ್ಮ ಕೈ ಎತ್ತಿದರು, ಸರಪಳಿಯನ್ನು ಮುಷ್ಟಿಯಲ್ಲಿ ಹಿಡಿದು ದಾಟಿದರು. ಹಿಂದಿನ ಲೈನಿನಿಂದ ಮಕ್ಕಳು ನನ್ನ ಹೆಸರು ಹಿಡಿದು ಕರೆಯುತ್ತಿದ್ದರು, ಮೊಣಕಾಲು ಉರಿಯುತ್ತಿತ್ತು, ಬಾಯಾರಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ಗೊರಕೆ ಶುರುವಾಯಿತು. ಅಮ್ಮ ದೀಪ ಹಚ್ಚುವವರೆಗೂ ನಾನು ಕೂತಲ್ಲಿಂದ ಅಲ್ಲಾಡಲಿಲ್ಲ.